ದೂರದ ಶಾಖೆಯ ಲೈನು

ಜೂನ್ ೩, ಸೋಮವಾರ

ಕ್ಲಿನಿಕ್ಕಿನ ನರ್ಸಮ್ಮ ಹೇಳಿದ್ದಕ್ಕೆ ಬರೆಯಲು ಕೂತಿದ್ದೇನೆ. "ಎಲ್ಲಾ ತಲೇಲೇ ಇಟ್ಕೊಂಡು ಕುದಿಸ್ತಾ ಇರ್ಬೇಡಿ. ಕಾಗದಕ್ಕೆ ಸುರಿದುಬಿಡಿ, ನಿದ್ದೆ ತಾನೇ ಬರುತ್ತೆ" ಅಂದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಮ್ಮನನ್ನು ನೋಡಿಕೊಳ್ಳಲು ಯಾರೂ ಇಲ್ಲ ಅಂತ ಬಿಡಿಸಿದರು, ಆಮೇಲೆ ಸಂಜೆ ಶಾಲೆಗೆ ಹೋದೆ, ಅದನ್ನೂ ಅರ್ಧಕ್ಕೆ ಬಿಟ್ಟೆ. ಯಾರೂ ಓದದ ಬರವಣಿಗೆ ತಾನೇ, ತಪ್ಪಾದರೆ ಆಗಲಿ. ಆದರೂ ಯಾರಾದರೂ ಓದಿಬಿಟ್ಟರೆ ಅಂತ ಭಯ ಇದ್ದೇ ಇದೆ. ಬಟ್ಟೆ ಕಪಾಟಿನ ಅಡಿಗೆ ಇಡುತ್ತೇನೆ.

ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ಒಲೆ ಆರಿಸಿದೆನೋ ಇಲ್ಲವೋ ಅನ್ನುವ ಯೋಚನೆ ಶುರುವಾಯಿತು. ಮನೆಯಲ್ಲಿ ಅತ್ತೆ ಇದ್ದಾರೆ, ಉರಿಯುತ್ತಿದ್ದರೆ ಅವರ ಕಣ್ಣಿಗೆ ಬೀಳುವುದಿಲ್ಲವೇ ಅಂತ ಬುದ್ಧಿ ಹೇಳುತ್ತದೆ. ಮನಸ್ಸು ಕೇಳಬೇಕಲ್ಲ. ಫೋನ್ ಮಾಡಿದೆ.

"ಆರಿಸಿದ್ದೀಯ ಕಣೇ. ನಿನ್ನೇನೂ ಆರಿಸಿದ್ದೆ, ಮೊನ್ನೇನೂ ಆರಿಸಿದ್ದೆ. ನಾನು ಸತ್ತ ದಿನಾನೂ ಫೋನ್ ಮಾಡಿ ಮೊದಲು ಒಲೆ ಕೇಳ್ತೀಯ ನೀನು" ಅಂದರು.

ನನ್ನ ಕೆಲಸವೂ ನನ್ನ ಗಾಬರಿಗೆ ತಕ್ಕ ಹಾಗೇ ಇದೆ. ನಮ್ಮ ಕಂಪನಿಯದು ಔಷಧಿ ಗೋದಾಮುಗಳು. ಊರೂರಲ್ಲಿ ಶಾಖೆ. ಆಸ್ಪತ್ರೆಯವರು ಔಷಧಿ ಕೇಳಿದರೆ ಶಾಖೆಯವರು ಕಂಪ್ಯೂಟರಿನಲ್ಲಿ ಹುಡುಕಿ ಇದೆ, ಇಲ್ಲ ಅಂತ ಹೇಳಬೇಕು. ಆ ಕಂಪ್ಯೂಟರು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ ಅಂತ ಕಾಯುವವರು ನಾವು. ಒಂದೊಂದು ಶಾಖೆಯಲ್ಲೂ ಒಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದಾರೆ. ಅದು ಮನುಷ್ಯರ ಹಾಗೆ ಆಗಾಗ ಯಾವುದೋ ಮಾತ್ರೆ ಇದೆಯಾ ಅಂತ ಕೇಳುತ್ತದೆ, ಉತ್ತರ ಬರುವವರೆಗೆ ಕಾಯುತ್ತದೆ, ಎಷ್ಟು ಕಾದೆ ಅಂತ ನಮಗೆ ತಿಳಿಸುತ್ತದೆ. ನಾವು ಅದನ್ನು ಸುಳ್ಳು ಗಿರಾಕಿ ಅನ್ನುತ್ತೇವೆ. ಉತ್ತರ ಬೇಗ ಬಂದರೆ ಗೋಡೆಯ ದೊಡ್ಡ ಪರದೆಯಲ್ಲಿ ಆ ಶಾಖೆಯ ಚುಕ್ಕೆ ಹಸಿರು, ತಡವಾದರೆ ಹಳದಿ, ಬರದೇ ಹೋದರೆ ಕೆಂಪು. ಮೊದಲು ನಾನು ಇದೇ ಕಟ್ಟಡದ ಟೆಲಿಫೋನ್ ಬೋರ್ಡಿನಲ್ಲಿ ಕೂರುತ್ತಿದ್ದೆ. ಅದನ್ನು ಮುಚ್ಚಿದಾಗ ಇಲ್ಲಿ ತಂದು ಕೂರಿಸಿದರು.

ಹಳದಿ ಕಂಡರೆ ನನ್ನ ಜೀವ ಬಾಯಿಗೆ ಬರುತ್ತದೆ. ಸ್ವಲ್ಪ ಹೊತ್ತು ಕಾದು ನೋಡಿ, ಎಷ್ಟೋ ಸಲ ತಾನೇ ಹಸಿರಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನ್ನಿಂದ ಆಗದು, ಫೋನ್ ಎತ್ತಿಬಿಡುತ್ತೇನೆ. ಪಕ್ಕದ ಸೀಟಿನ ಹುಡುಗಿ ನನಗೆ ಸೈರನ್ ಅಂತ ಹೆಸರಿಟ್ಟಿದ್ದಾಳೆ. ಟೈಪ್ ಮಾಡಿದರೂ ಮಾತಾಡಿದರೂ ಒಂದೇ ಸಮನೆ ಸದ್ದು ಮಾಡುವ ಅವಳಿಗೆ ನಾನು ಚಿಟಪಟ ಅಂತ ಇಟ್ಟಿದ್ದೇನೆ. ಸರಿಗೆ ಸರಿ.

ಪರದೆಯ ಬಲಗಡೆ ಕೆಳಮೂಲೆಯ ಚುಕ್ಕೆ ಇವರದು, ನನ್ನ ಗಂಡ ಇರುವ ಶಾಖೆಯದು. ಇವರು ಹೋದ ವರ್ಷ ಅಲ್ಲಿಗೆ ಸ್ಟೋರ್ ಸೂಪರ್‌ವೈಸರ್ ಆಗಿ ವರ್ಗವಾಗಿ ಹೋದರು. ಬಲು ದೂರ. ಅಲ್ಲಿ ಮೊಬೈಲ್ ಸಿಗ್ನಲ್ ಹಿಡಿಯುವುದಿಲ್ಲ. ಶಾಖೆಯ ಹಿಂದೆಯೇ ಕ್ವಾರ್ಟರ್ಸ್ ಇದೆ, ಆಫೀಸಿನ ನೆಟ್ ಲೈನಿನಲ್ಲೇ ಮನೆಗೆ ಫೋನ್ ಮಾಡುತ್ತಾರೆ. ಹಗಲಿಡೀ ಆ ಚುಕ್ಕೆ ಹಸಿರಾಗಿದ್ದರೆ ಇವರು ಚೆನ್ನಾಗಿದ್ದಾರೆ ಅಂತ ನನ್ನ ಲೆಕ್ಕ. ಹುಚ್ಚು ಲೆಕ್ಕ ಅಂತ ಗೊತ್ತು.

ಜೂನ್ ೮, ಶನಿವಾರ

ಇವರ ಫೋನ್ ಬರಲಿಲ್ಲ. ಶನಿವಾರ ಸಂಜೆ ತಪ್ಪದೆ ಮಾಡುತ್ತಿದ್ದರು. ಅತ್ತೆ ತಲೆ ಬಾಚಿಕೊಂಡು, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಮುಖ ಕಾಣುವ ಫೋನು ನೋಡಿ, ಅದಕ್ಕೆ.

ಜ್ವರ ಬಂದಿರಬಹುದು. ಗೋದಾಮಿನ ಏಣಿಯಿಂದ ಬಿದ್ದಿರಬಹುದು. ಮೇಲಿನ ಅಟ್ಟದಿಂದ ಪೆಟ್ಟಿಗೆ ಜಾರಿರಬಹುದು. ಬರೆದರೆ ಭಯ ಕಡಿಮೆಯಾಗುತ್ತೆ ಅಂದಿದ್ದಳು ನರ್ಸಮ್ಮ. ಬರೆದಷ್ಟೂ ಹೊಸದು ಹುಟ್ಟುತ್ತಿದೆ.

ಜೂನ್ ೯, ಭಾನುವಾರ

ಮಾಡಿದರು! ಏನೂ ಆಗಿಲ್ಲ. "ಇಲ್ಲಿ ನೆಟ್ಟೇ ಇಲ್ಲ ಕಣೇ. ಹಗಲೆಲ್ಲಾ ಇರುತ್ತೆ, ಸಂಜೆ ಆದ್ರೆ ಸತ್ತೇ ಹೋಗುತ್ತೆ. ನಿನ್ನೆ ಎಷ್ಟು ಸಲ ಒತ್ತಿದೆ ಗೊತ್ತಾ? ಈಗ್ಲೂ ಕಟ್ ಆಗ್ಬಹುದು, ಅಮ್ಮನಿಗೆ ಕೊಡು ಬೇಗ" ಅಂದರು. ಅತ್ತೆ ಮಾತ್ರೆ ತೆಗೆದುಕೊಂಡರಾ, ಎದೆ ನೋವು ಮತ್ತೆ ಬಂತಾ ಅಂತ ಕೇಳಿದರು. ಅತ್ತೆಯ ಎದೆ ಆಪರೇಷನ್ ಆದಾಗಿನಿಂದ ಇವರಿಗೆ ಅದೇ ಚಿಂತೆ. ಒಳ್ಳೆಯ ಮಗ. ನನ್ನ ಬಳಿ ಮಾತಾಡುವಷ್ಟರಲ್ಲಿ ಕಟ್ಟಾಯಿತು.

ನನಗೆ ಎಷ್ಟು ಹಗುರ ಆಯಿತೆಂದರೆ ಅತ್ತೆಗೆ ಎರಡು ಸಲ ಚಹಾ ಮಾಡಿಕೊಟ್ಟೆ.

ಜೂನ್ ೧೦, ಸೋಮವಾರ

ಆಫೀಸಿಗೆ ಹೋದವಳೇ ಶನಿವಾರ ಸಂಜೆಯ ಗೆರೆ ತೆಗೆದು ನೋಡಿದೆ. ಚುಕ್ಕೆ ಈಗಿನದ್ದನ್ನು ಮಾತ್ರ ತೋರಿಸುತ್ತದೆ, ಹಿಂದಿನದಕ್ಕೆಲ್ಲ ಗೆರೆ ಇರುತ್ತದೆ. ಲೈನು ಸತ್ತಿದ್ದರೆ ಗೆರೆ ಒಡೆದಿರಬೇಕು, ತಡವಾಗಿದ್ದರೆ ಮೇಲಕ್ಕೆ ಎದ್ದಿರಬೇಕು.

ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಶನಿವಾರವೂ ಹಾಗೇ, ಭಾನುವಾರವೂ ಹಾಗೇ.

ಪೆಟ್ಟಿಗೆ ಕೆಟ್ಟಿರಬೇಕು. ಇಲ್ಲಾ, ಪೆಟ್ಟಿಗೆ ಮುಂದಿನ ಆಫೀಸು ಕೋಣೆಯಲ್ಲಿದೆ, ಕ್ವಾರ್ಟರ್ಸ್ ಇರುವುದು ಹಿಂದೆ. ನಡುವಿನ ತಂತಿಯನ್ನು ಇಲಿ ಕಡಿದಿರಬೇಕು. ಇಲಿ ಕಡಿದರೆ ಸಂಜೆ ಮಾತ್ರ ಹೋಗುವುದು ಯಾಕೆ ಅಂತಲೂ ಅನ್ನಿಸಿತು. ಸಂಜೆ ತಂಪಾದಾಗ ತಂತಿ ಕುಗ್ಗಿ ಸಡಿಲ ಆಗುತ್ತದೇನೋ. ನಾನೇನು ಕಂಡೆ, ಓದಿದವಳೇ?

ಜೂನ್ ೧೮, ಮಂಗಳವಾರ

ಎರಡು ಶನಿವಾರವೂ ಹೀಗೇ ಆಯಿತು. ಇವತ್ತು ಧೈರ್ಯ ಮಾಡಿ ಇನ್‌ಚಾರ್ಜ್ ಸರ್ ಮುಂದೆ ನಿಂತೆ. ಅವರು ಹೊಸಬರು, ಇವರು ಅಲ್ಲಿರುವುದು ಅವರಿಗೆ ಗೊತ್ತಿಲ್ಲ. ಗೋದಾಮಿನ ಕಡೆಯವರ ಮುಖವೇ ನಮ್ಮ ಕಡೆಯವರಿಗೆ ಪರಿಚಯವಿಲ್ಲ. ನಾನೂ ಹೇಳಲಿಲ್ಲ. ಮನೆ ಕೆಲಸಕ್ಕೆ ಆಫೀಸು ಬಳಸಿಕೊಳ್ತಾಳೆ ಅಂದುಬಿಟ್ಟರೆ?

"ಸರ್, ಆ ದೂರದ ಶಾಖೆ ಲೈನು ಸ್ವಲ್ಪ ನೋಡಿಸ್ತೀರಾ?"

"ಯಾಕಮ್ಮ, ಹಸಿರೇ ಇದೆಯಲ್ಲ?"

"ಹಸಿರಿದೆ ಸರ್. ಆದ್ರೆ ಸರಿ ಇಲ್ಲ."

"ಯಾರು ಹೇಳಿದ್ದು?"

"ಅಲ್ಲಿಯವರು."

"ಅಲ್ಲಿಯವರು ಕಂಪ್ಲೇಂಟ್ ಹಾಕಿದಾರಾ?"

"ಇಲ್ಲ ಸರ್."

ಅವರು ನಕ್ಕರು. ಕೆಟ್ಟ ನಗು ಅಲ್ಲ. "ನೋಡಿಮ್ಮ, ಕೆಲಸ ಮಾಡದೇ ಇರೋರು ನೆಟ್ ಇರ್ಲಿಲ್ಲ ಅಂತಾರೆ. ಫೋನ್ ಎತ್ತದೇ ಇರೋರೂ ನೆಟ್ ಇರ್ಲಿಲ್ಲ ಅಂತಾರೆ. ಪಾಪದ ನೆಟ್ಟು, ಬಾಯಿಲ್ಲ ಅದಕ್ಕೆ. ಅದರ ಪರವಾಗಿ ಮಾತಾಡೋಕೆ ತಾನೇ ನಮ್ಮನ್ನ ಇಲ್ಲಿ ಕೂರಿಸಿರೋದು?"

ಚಿಟಪಟ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ನನ್ನ ಗಂಡ ಅಂಥವರಲ್ಲ.

ಜೂನ್ ೨೨, ಶನಿವಾರ

ಮಾಡಲಿಲ್ಲ.

ಅತ್ತೆ ಬಾಚಿದ ತಲೆಯಲ್ಲೇ ಮಲಗಿದರು. "ಅವನಿಗೂ ನಮ್ಮ ಮುಖ ನೋಡ್ಬೇಕು ಅಂತ ಎಷ್ಟು ಆಸೆ ಇರುತ್ತೋ. ಆ ಹಾಳಾದ ತಂತಿ ಬಿಡಲ್ಲ" ಅಂದರು.

ಜೂನ್ ೨೫, ಮಂಗಳವಾರ

ಒಂದು ಕೆಲಸ ಮಾಡಿದ್ದೇನೆ. ಬರೆದುಬಿಡುತ್ತೇನೆ.

ಪ್ರತಿ ಶಾಖೆಗೂ ಒಂದು ಮಿತಿ ಇರುತ್ತದೆ. ಉತ್ತರ ಆ ಮಿತಿ ದಾಟಿದರೆ ಚುಕ್ಕೆ ಹಳದಿ. ಹತ್ತಿರದ ಶಾಖೆಗೆ ಮಿತಿ ಕಡಿಮೆ, ದೂರದ ಶಾಖೆಗೆ ಹೆಚ್ಚು. ಪ್ರಶ್ನೆ ಅಷ್ಟು ದೂರದಿಂದ ಬಂದು ಉತ್ತರ ಅಷ್ಟು ದೂರ ಹೋಗಬೇಕಲ್ಲ, ಅದಕ್ಕೆ ಹೊತ್ತು ಬೇಕು, ಅದು ದೋಷ ಅಲ್ಲ. ಮಿತಿ ಬದಲಾಯಿಸಲು ನಮ್ಮ ಸೀಟಿನಿಂದಲೂ ಆಗುತ್ತದೆ, ಆದರೆ ಕೇಳದೆ ಮುಟ್ಟಬಾರದು.

ಚಿಟಪಟ ಊಟಕ್ಕೆ ಹೋದಾಗ ಇವರ ಶಾಖೆಯ ಮಿತಿಯನ್ನು ನಮ್ಮ ಎದುರು ಬೀದಿಯ ಶಾಖೆಯ ಮಿತಿಗೆ ಇಳಿಸಿದೆ.

ಸ್ವಲ್ಪ ಹೊತ್ತಿಗೆ ಚುಕ್ಕೆ ಹಳದಿಯಾಯಿತು. ಹುಟ್ಟಿದಾಗಿನಿಂದ ಮೊದಲ ಸಲ ಹಳದಿ ನೋಡಿ ನನಗೆ ಸಮಾಧಾನ ಆಯಿತು. ನೋಡಿದಿರಾ, ಇವರು ಹೇಳಿದ್ದು ನಿಜ ಅಂತ ಯಾರಿಗಾದರೂ ಕೂಗಿ ಹೇಳಬೇಕು ಅನ್ನಿಸಿತು. ನಾನೇ ಹಳದಿ ಮಾಡಿದ್ದು ಅಂತ ಗೊತ್ತಿದ್ದೂ ಹಾಗೆ ಅನ್ನಿಸಿತು. ಮನುಷ್ಯರ ಮನಸ್ಸು ಯಾವ ಜಾತಿಯದೋ.

ಕೆಲಸ ಹೋದರೆ ಏನು ಮಾಡುವುದು? ಒಲೆ ಆರಿಸಿದ್ದೇನೆಯೇ? ನೋಡಿ ಬರುತ್ತೇನೆ.

ಆರಿಸಿದ್ದೇನೆ.

ಜುಲೈ ೩, ಬುಧವಾರ

ಹಳದಿ ಹಾಗೇ ಇದೆ. ಇನ್‌ಚಾರ್ಜ್ ಸರ್ ಬಂದು ಪರದೆಯ ಮುಂದೆ ಗಲ್ಲ ಕೆರೆದುಕೊಂಡು ನಿಂತರು. "ನೀವು ಹೇಳಿದ್ದು ಸರಿ ಇತ್ತೇನೋ ಮಾರಾಯ್ರೆ. ಅಲ್ಲೇನೋ ಆಗಿದೆ. ಕೇಬಲ್ ಅಣ್ಣನ್ನ ಕಳಿಸೋಣ" ಅಂದರು. ಮಿತಿ ಎಷ್ಟಿದೆ ಅಂತ ನೋಡಲು ಅವರಿಗೆ ಹೊಳೆಯಲಿಲ್ಲ. ಹೊಳೆಯದಿರಲಿ ಅಂತ ಸೀರೆ ಸೆರಗು ಹಿಡಿದು ಹಿಂಡುತ್ತಿದ್ದೆ.

ಕೇಬಲ್ ಅಣ್ಣ ಅಂದರೆ ನಮ್ಮ ಎಲ್ಲ ಶಾಖೆಗಳ ತಂತಿ ನೋಡುವ ಗುತ್ತಿಗೆಯವರು. ದೊಡ್ಡ ಹೊಟ್ಟೆ, ಮೆತ್ತನೆ ಮಾತು. ಯಾವ ಊರಿಗೆ ಹೋದರೂ ಅಲ್ಲಿ ಏನು ತಿಂದೆ ಅಂತಲೇ ಮೊದಲು ಹೇಳುವವರು.

"ಅಣ್ಣ, ಹಿಂದಿನ ಕ್ವಾರ್ಟರ್ಸ್ ತನಕ ಪೂರ್ತಿ ನೋಡಿ. ಸಂಜೆ ಇದ್ದು ನೋಡಿ. ಸಂಜೆ ಹೊತ್ತೇ ಹೋಗೋದಂತೆ" ಅಂದೆ.

"ಆಯ್ತು ಅಕ್ಕ. ನೀವು ಹೇಳಿದ ಮೇಲೆ ಇಲಿ ಬಿಲದ ಒಳಗೂ ಕೈ ಹಾಕಿ ನೋಡ್ತೀನಿ."

ಅಲ್ಲಿ ನಮ್ಮ ಮನೆಯವರು ಇದ್ದಾರೆ ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ಅತ್ತೆ ಹೆಣೆದಿಟ್ಟ ಸ್ವೆಟರ್ ಕೊಟ್ಟು ಕಳಿಸಬಹುದಿತ್ತು. ನುಂಗಿಕೊಂಡೆ. ಗೊತ್ತಾದರೆ ಎಲ್ಲ ಬಯಲಾಗುತ್ತದೆ.

ಜುಲೈ ೬, ಶನಿವಾರ

ಇವರು ಮಾಡಿದರು. ತಂತಿ ನೋಡಲು ಜನ ಕಳಿಸಿದ್ದೇವೆ ಅಂತ ಹೇಳೋಣ ಅಂದುಕೊಂಡೆ. ಆಮೇಲೆ, ಬೇಡ, ಸರಿಯಾದ ಮೇಲೆ ತಾನೇ ಗೊತ್ತಾಗಲಿ, ಖುಷಿಯಾಗಲಿ ಅಂತ ಸುಮ್ಮನಾದೆ. ಎರಡೇ ಮಾತು ಆಡಿದರು. ಹಿಂದೆ ಟೀವಿಯೋ ಏನೋ ನಗುತ್ತಿತ್ತು. "ಗೋದಾಮಿನ ಹುಡುಗರು" ಅಂದರು.

ಇನ್ನು ಮುಂದೆ ಸಂಜೆ ಸಂಜೆಯೂ ಮಾತಾಡಬಹುದು. ಅತ್ತೆಗೆ ಹೇಳಿದೆ, "ಇನ್ನೊಂದು ವಾರ, ಅತ್ತೆ." ಅವರು ಸ್ವೆಟರಿನ ತೋಳು ಬಿಚ್ಚಿ ಮತ್ತೆ ಹೆಣೆಯಲು ಶುರು ಮಾಡಿದರು. ಅಳತೆ ಸಣ್ಣದಾಯಿತಂತೆ.

ಜುಲೈ ೧೨, ಶುಕ್ರವಾರ

ಕೇಬಲ್ ಅಣ್ಣ ಬಂದರು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನದ ಚಹಾ ಹೊತ್ತು. ಅವರು ನನ್ನ ಮೇಜಿಗೆ ಒರಗಿ ನಿಂತು ಬೆವರು ಒರೆಸಿಕೊಂಡರು. "ಅಕ್ಕ, ನಿಮ್ಮ ಪೆಟ್ಟಿಗೆಗೇ ತಲೆ ಕೆಟ್ಟಿದೆ. ಲೈನು ಕನ್ನಡಿ ಇದ್ದ ಹಾಗಿದೆ. ಬೆಳಿಗ್ಗೆ ನೋಡಿದೆ, ಸಂಜೆ ನೋಡಿದೆ, ಮಾರನೇ ದಿನಾನೂ ಇದ್ದು ನೋಡಿದೆ. ಒಂದು ಸಲಾನೂ ಹೋಗ್ಲಿಲ್ಲ."

"ಕ್ವಾರ್ಟರ್ಸ್‌ದು?"

"ಕ್ವಾರ್ಟರ್ಸಾ? ಬೀಗ ಜಡಿದು ಯಾವ ಕಾಲ ಆಯ್ತೋ. ಬಾಗಿಲಿಗೆ ಜೇಡ ಬಲೆ ಕಟ್ಟಿದೆ. ಅಲ್ಲಿ ಯಾರೂ ಇರಲ್ಲ ಅಕ್ಕ."

"ಸೂಪರ್‌ವೈಸರ್ ಇರ್ತಾರಲ್ಲ?"

"ಅವ್ರು ಬಸ್ ಸ್ಟ್ಯಾಂಡ್ ಹಿಂದೆ ಮನೆ ಮಾಡ್ಕೊಂಡಿದಾರೆ. ಒಳ್ಳೆ ಮನುಷ್ಯ. ಸ್ವಲ್ಪ ಗಾಬರಿ ಬಿದ್ರು, ನಾನು ಚೆಕಿಂಗಿಗೆ ಬಂದವನು ಅಂದ್ಕೊಂಡ್ರೋ ಏನೋ. ಆಮೇಲೆ ಮನೆಗೇ ಕರ್ಕೊಂಡು ಹೋದ್ರು. ಅವರ ಹೆಂಡತಿ ಚಹಾ ಮಾಡಿಕೊಟ್ರು. ಏನ್ ಚಹಾ ಅಂತೀರಿ! ಆ ಊರಲ್ಲಿ ತಿಂದದ್ದು ಕುಡಿದದ್ದರಲ್ಲಿ ಅದೊಂದೇ ಬಾಯಿಗೆ ಹತ್ತಿದ್ದು."

ಪಕ್ಕದಲ್ಲಿ ಚಿಟಪಟ ಟೈಪ್ ಮಾಡುವುದು ನಿಂತಿತು. ಇವರು ಅಲ್ಲಿರುವುದು ಆಫೀಸಿನಲ್ಲಿ ಅವಳೊಬ್ಬಳಿಗೆ ಗೊತ್ತು.

"ಹೆಂಡತಿನಾ?" ಅಂದೆ.

"ಹೂಂ ಅಕ್ಕ. ನಗುನಗ್ತಾ ಇರೋ ಹೆಣ್ಣುಮಗಳು. ಸೂಪರ್‌ವೈಸರೂ ಹಾಗೇ, ಕುಡಿದು ಆದ್ಮೇಲೆ ಎಲ್ಲರ ಲೋಟಾನೂ ತಾವೇ ತಗೊಂಡು ಹೋಗಿ ತೊಳೆದಿಟ್ರು. ನನ್ನ ಹೆಂಡತಿ ನೋಡ್ಬೇಕಿತ್ತು, ನನ್ನ ಮರ್ಯಾದೆ ಹೋಗ್ತಿತ್ತು."

"ಅಣ್ಣ, ಇನ್‌ಚಾರ್ಜ್ ಸರ್ ಕರೀತಿದಾರೆ ನಿಮ್ಮನ್ನ" ಅಂತ ಚಿಟಪಟ ಎದ್ದು ನಿಂತಳು. ಯಾರೂ ಕರೆದಿರಲಿಲ್ಲ. ಅವರನ್ನು ದಬ್ಬಿಕೊಂಡೇ ಹೋದಳು.

ನಾನು ಪರದೆ ನೋಡುತ್ತಾ ಕೂತೆ. ಎಲ್ಲ ಹಸಿರು, ಅದೊಂದು ಹಳದಿ.

ಇವರು ಲೋಟ ತೊಳೆಯುತ್ತಾರೆ. ನಮ್ಮ ಮನೆಯಲ್ಲಿ ಕುಡಿದ ಲೋಟ ಕೂತಲ್ಲೇ ನೆಲಕ್ಕೆ ಇಟ್ಟು ಏಳುತ್ತಿದ್ದರು. ಕತ್ತಲಲ್ಲಿ ಕಾಲಿಗೆ ತಗುಲಿ ಉರುಳುತ್ತಿತ್ತು. ನಾನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ತೊಳೆಯುತ್ತಿದ್ದರೋ ಏನೋ.

ಜುಲೈ ೧೩, ಶನಿವಾರ

ಬೇರೆ ಯಾರೋ ಇರಬೇಕು. ಅಲ್ಲಿ ಇಬ್ಬರು ಸೂಪರ್‌ವೈಸರ್ ಇರಬಹುದು.

ಇಲ್ಲ. ನನಗೆ ಗೊತ್ತು.

ಜುಲೈ ೧೫, ಸೋಮವಾರ

ಬೆಳಿಗ್ಗೆ ಯಾರಿಗೂ ಹೇಳದೆ ಮಿತಿಯನ್ನು ಮೊದಲಿದ್ದ ಜಾಗಕ್ಕೆ ಏರಿಸಿದೆ. ಚುಕ್ಕೆ ಹಸಿರಾಯಿತು. ಎಷ್ಟು ಹಸಿರು ಅಂದರೆ ನೋಡಲಾಗಲಿಲ್ಲ. ಮುಖ ತೊಳೆಯುವ ನೆಪ ಮಾಡಿ ಎದ್ದು ಹೋದೆ.

ಸಂಜೆ ಇನ್‌ಚಾರ್ಜ್ ಸರ್ ಕರೆದರು. ಮಿತಿಯನ್ನು ಯಾರು ಯಾವಾಗ ಮುಟ್ಟಿದರು ಅನ್ನುವುದು ಅವರ ಕಂಪ್ಯೂಟರಿನಲ್ಲಿ ಬರುತ್ತದಂತೆ. ನನಗೆ ಗೊತ್ತಿರಲಿಲ್ಲ.

"ಯಾಕಮ್ಮ ಹೀಗೆ ಮಾಡಿದ್ರಿ? ಆ ಮನುಷ್ಯ ಆ ರಸ್ತೇಲಿ ಹೋಗಿ ಬಂದು ಸೊಂಟ ಹಿಡ್ಕೊಂಡು ಮಲಗಿದಾನೆ."

ಬೈಯುತ್ತಾರೆ ಅಂದುಕೊಂಡರೆ ಕುರ್ಚಿ ತೋರಿಸಿದರು.

"ನನ್ನ ಕಣ್ಣು ತಪ್ಪಿತ್ತು ಸರ್" ಅಂದೆ. "ಲೈನು ಸರಿ ಇದೆ. ಮೊದಲಿಂದಾನೂ ಸರಿ ಇತ್ತು."

ಅವರು ಏನು ಕಂಡರೋ, "ಮನೇಲಿ ಎಲ್ಲಾ ಸರಿ ಇದೆಯಾ?" ಅಂದರು. ಹೂಂ ಅಂದೆ. ಇನ್ನು ಮಿತಿ ಮುಟ್ಟಬೇಡಿ, ಅಷ್ಟೇ ಅಂತ ಕಳಿಸಿದರು. ಕೆಲಸ ಹೋಗಲಿಲ್ಲ. ಹೋಗುತ್ತದೆ ಅಂತ ಎಷ್ಟು ಹೆದರಿದ್ದೆ. ಹೋಗಲಿಲ್ಲ ಅಂತ ಗೊತ್ತಾದಾಗ ಏನೂ ಅನ್ನಿಸಲಿಲ್ಲ.

ಜುಲೈ ೨೦, ಶನಿವಾರ

ಇವರ ಫೋನು ಬಂತು. ಅತ್ತೆ ಪಕ್ಕದ ಮನೆಯಲ್ಲಿದ್ದರು. ಒಳ್ಳೆಯದೇ ಆಯಿತು.

"ಏನೇ, ಹೇಗಿದ್ದೀರ ಇಬ್ರೂ? ಹೋದ ವಾರ ಮಾಡೋಕೆ ಆಗ್ಲಿಲ್ಲ, ಇಲ್ಲಿ ನೆಟ್ಟು..."

"ನೆಟ್ ಚೆನ್ನಾಗಿದೆ ರೀ."

"ಏನು?"

"ನೀವು ಆಡೋದೆಲ್ಲಾ ಕೇಳಿಸ್ತಿದೆ. ಗಂಟಲು ಕಟ್ಟಿರೋದೂ ಕೇಳಿಸ್ತಿದೆ. ನೆಗಡಿನಾ?"

"ಹೂಂ, ಸ್ವಲ್ಪ."

"ತಂತಿ ನೋಡೋಕೆ ಬಂದೋರಿಗೆ ಮನೇಲಿ ಚಹಾ ಕೊಟ್ಟಿರಂತೆ."

ಆಮೇಲೆ ಅವರು ಮಾತಾಡಲಿಲ್ಲ. ಲೈನು ತಡವಾದರೆ ಮಾತು ತುಂಡುತುಂಡಾಗಿ ಬರುತ್ತದೆ, ಆಚೆ ಕಡೆ ಮನುಷ್ಯರೇ ಇಲ್ಲದ ಹಾಗೆ ಇರುತ್ತದೆ. ಇದು ಹಾಗಿರಲಿಲ್ಲ. ಇವರ ಉಸಿರು ಕೇಳಿಸುತ್ತಿತ್ತು. ಹಿಂದೆ ಯಾರೋ ಪಾತ್ರೆ ಇಟ್ಟರು, ಆಮೇಲೆ ಅವರೂ ಸದ್ದು ಮಾಡದೆ ನಿಂತರು ಅಂತ ಕಾಣುತ್ತದೆ.

"ಹೇಳ್ಬೇಕು ಅಂತಾನೇ ಇದ್ದೆ" ಅಂದರು.

"ಯಾವಾಗ?"

"ಹೇಗೆ ಹೇಳ್ಲಿ ನಿನಗೆ? ಒಲೆ ಆರಿಸಿದ್ದೀನೋ ಇಲ್ವೋ ಅಂತಾನೇ ನಿದ್ದೆ ಬಿಡೋಳು ನೀನು. ಇದನ್ನ ತಂದು ನಿನ್ನ ತಲೆ ಮೇಲೆ ಹಾಕ್ಲಾ?"

ನನ್ನ ಮೇಲಿನ ಕರುಣೆಗೇ ಇಷ್ಟು ದಿನ ಹೇಳದೆ ಇದ್ದರಂತೆ. ಒಂದು ಕ್ಷಣ ಹೌದೇನೋ ಅಂತಲೂ ಅನ್ನಿಸಿತು ನನಗೆ. ನನ್ನ ಗಾಬರಿಗೆ ಬೇಸತ್ತು ಹೋದರೇನೋ. ಆ ಹೆಂಗಸು ನಗುತ್ತಾ ಇರುತ್ತಾಳಂತೆ.

ಕೇಳಬೇಕಾದದ್ದು ಬೇಕಾದಷ್ಟಿತ್ತು. ಯಾರವಳು, ಯಾವಾಗಿನಿಂದ, ನಾನೇನು ಕಡಿಮೆ ಮಾಡಿದ್ದೆ. ಬಾಯಿಂದ ಬಂದದ್ದು ಒಂದೇ.

"ಬರ್ತೀರಾ?"

"ಇಲ್ಲ" ಅಂದರು. ಆ ಉತ್ತರಕ್ಕೆ ಸ್ವಲ್ಪವೂ ಹೊತ್ತು ಹಿಡಿಯಲಿಲ್ಲ.

ಆಮೇಲೆ, "ಅಮ್ಮನಿಗೆ ಮಾತ್ರ ಹೇಳ್ಬೇಡ. ಅವಳ ಎದೆ ತಡ್ಕೊಳ್ಳಲ್ಲ. ನಿಧಾನಕ್ಕೆ ನಾನೇ ಬಂದು ಹೇಳ್ತೀನಿ" ಅಂದರು.

ನನ್ನ ಎದೆ ತಡೆದುಕೊಳ್ಳುತ್ತದಾ ಅಂತ ಕೇಳಬೇಕಿತ್ತು. ಆಗ ಹೊಳೆಯಲಿಲ್ಲ. ಈಗ ಬರೆಯುವಾಗ ಹೊಳೆಯುತ್ತಿದೆ.

ಆಯ್ತು ಅಂದೆ. ನೆಗಡಿಗೆ ಬಿಸಿನೀರು ಕುಡೀರಿ ಅಂತಲೂ ಅಂದೆ. ಅಭ್ಯಾಸ.

ಜುಲೈ ೨೧, ಭಾನುವಾರ

ಬಟ್ಟೆ ಒಗೆದೆ. ಇವರ ಎರಡು ಅಂಗಿ ಇದ್ದವು. ಒಗೆದ ಬಟ್ಟೆಯೇ, ಕಪಾಟಿನಲ್ಲಿ ಮಡಿಸಿ ಇಟ್ಟಿದ್ದವು. ಅವನ್ನೂ ಒಗೆದೆ.

ಜುಲೈ ೩೦, ಮಂಗಳವಾರ

ಮಧ್ಯಾಹ್ನ ಉತ್ತರ ಕಡೆಯ ಒಂದು ಶಾಖೆ ಹಳದಿಯಾಯಿತು. ನೋಡುತ್ತಾ ಕೂತೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ತಾನೇ ಹಸಿರಾಯಿತು.

"ಸೈರನ್ ಕೆಟ್ಟೋಯ್ತಾ ಅಕ್ಕ?" ಅಂದಳು ಚಿಟಪಟ. ಆಮೇಲೆ ಹಾಗೆ ಅನ್ನಬಾರದಿತ್ತು ಅಂತ ನಾಲಿಗೆ ಕಚ್ಚಿಕೊಂಡಳು. ಪಾಪದ ಹುಡುಗಿ, ಈಗ ನನ್ನ ಪಕ್ಕ ಕೂತಾಗ ಕೀಲಿಗಳನ್ನು ಮೆತ್ತಗೆ ಒತ್ತುತ್ತಾಳೆ. ಊಟದ ಹೊತ್ತಿಗೆ ತನ್ನ ಡಬ್ಬಿಯಲ್ಲಿದ್ದದ್ದನ್ನು ನನ್ನ ತಟ್ಟೆಗೆ ಸುರಿದು, "ನಿಮಗೆ ಅಂತ ತಂದಿದ್ದಲ್ಲ, ಚೆನ್ನಾಗಿಲ್ಲ ಅಂತ ಕೊಡ್ತಿದೀನಿ" ಅನ್ನುತ್ತಾಳೆ. ತಿನ್ನುತ್ತೇನೆ. ರುಚಿ ಏನೂ ಗೊತ್ತಾಗುವುದಿಲ್ಲ. ಚೆನ್ನಾಗಿಲ್ಲ, ಹೌದು ಅನ್ನುತ್ತೇನೆ. ಅವಳಿಗೆ ಅದೇ ಸಂತೋಷ.

ಇನ್‌ಚಾರ್ಜ್ ಸರ್ ಹೊರಡುವಾಗ, "ಈಗ ನೀವು ಪರವಾಗಿಲ್ಲಮ್ಮ, ಧೈರ್ಯ ಬಂದಿದೆ. ಹೀಗೇ ಕೂತು ನೋಡ್ಬೇಕು" ಅಂದರು. ಏನು ನೋಡಿ ಹಾಗಂದರೋ.

ಆಗಸ್ಟ್ ೪, ಭಾನುವಾರ

ನಿನ್ನೆ ಫೋನ್ ಇಲ್ಲ. ಇವತ್ತೂ ಇಲ್ಲ.

ಅತ್ತೆಗೆ ಉಸಿರು ಕಟ್ಟಿದ ಹಾಗಾಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಆಟೋದಲ್ಲಿ ನನ್ನ ಭುಜಕ್ಕೆ ಒರಗಿಕೊಂಡು, "ನೀನಿದ್ದೀಯ ಅಂತ ನನಗೆ ಧೈರ್ಯ ಕಣೇ. ಮಗ ದೂರ ಇದ್ರೂ ಚಿಂತೆ ಇಲ್ಲ" ಅಂದರು. ಮಕ್ಕಳಾಗಲಿಲ್ಲ ಅಂತ ಈ ಹೆಂಗಸು ಒಂದು ದಿನವೂ ನನಗೆ ಒಂದು ಮಾತು ಅಂದವರಲ್ಲ. ನಾನು ಬೀದಿ ನೋಡುತ್ತಾ ಕೂತೆ. ಡಾಕ್ಟರು ಮಾತ್ರೆ ಬದಲಾಯಿಸಿದರು. ಮನಸ್ಸಿಗೆ ಆಘಾತ ಆಗುವಂಥದ್ದು ಏನೂ ಬೇಡ ಅಂದರು.

ನರ್ಸಮ್ಮ ಅಲ್ಲೇ ಸಿಕ್ಕಳು. "ಬರೀತಿದೀರಾ? ನಿದ್ದೆ ಬರ್ತಿದೆಯಾ?" ಅಂತ ಕೇಳಿದಳು. ಬರುತ್ತಿದೆ ಅಂದೆ. ನಿಜವೇ. ಕಲ್ಲು ಬಿದ್ದ ಹಾಗೆ ಮಲಗುತ್ತೇನೆ. ಬೆಳಿಗ್ಗೆ ಏಳುವಾಗ ಮಾತ್ರ ಒಂದು ಕ್ಷಣ ಎಲ್ಲ ಮೊದಲಿನ ಹಾಗೇ ಇದೆ ಅನ್ನಿಸುತ್ತದೆ. ಆ ಕ್ಷಣ ಬರದೇ ಇದ್ದರೆ ಚೆನ್ನಾಗಿತ್ತು.

ಆಗಸ್ಟ್ ೧೭, ಶನಿವಾರ

ಸಂಜೆ ಅತ್ತೆ ತಲೆ ಬಾಚಿಸಿಕೊಳ್ಳಲು ಬಂದು ಕೂತರು. ಅವರ ಕೈ ಈಗ ಮೇಲೆ ಏಳುವುದಿಲ್ಲ. ನಾನು ಬಾಚಿದೆ. ಫೋನು ಮಡಿಲಲ್ಲಿತ್ತು. ಕತ್ತಲಾಗುವವರೆಗೂ ಅದು ಸದ್ದು ಮಾಡಲಿಲ್ಲ.

"ಇವತ್ತೂ ಅಲ್ಲಿ ನೆಟ್ ಇಲ್ವೇನೋ" ಅಂದರು.

ಬೆಳಿಗ್ಗೆ ನಾನು ನೋಡಿದ್ದೆ. ಗೆರೆ ನೆಲಕ್ಕೆ ಅಂಟಿಕೊಂಡೇ ಇತ್ತು. ಈ ತಿಂಗಳೆಲ್ಲ ಆ ಶಾಖೆಯಷ್ಟು ಚೆನ್ನಾಗಿ ಯಾವ ಶಾಖೆಯೂ ನಡೆದಿಲ್ಲ.

"ಇಲ್ಲ ಅತ್ತೆ" ಅಂದೆ. "ಕೆಟ್ಟು ಹೋಗಿದೆ."

"ಪೂರ್ತಿನಾ?"

"ಪೂರ್ತಿ."

"ಮತ್ತೆ ನೀನು ಅದನ್ನೇ ನೋಡೋ ಕೆಲಸದಲ್ಲಿದ್ದೀಯ ಅಂತೀಯ. ಸ್ವಂತ ಗಂಡನ ಊರಿನ ಲೈನು ಸರಿ ಮಾಡಿಸೋಕೆ ಆಗ್ಲಿಲ್ಲ ಅಂದ್ರೆ ಏನ್ ಕೆಲಸಾನೇ ಅದು? ಆ ಮಗು ಅಲ್ಲಿ ಒಬ್ಬನೇ ಕೂತು ಫೋನು ಒತ್ತಿ ಒತ್ತಿ ಸಾಯ್ತಿರ್ತಾನೆ."

"ಹೇಳಿದೀನಿ ಅತ್ತೆ ಆಫೀಸಲ್ಲಿ. ಜನ ಕಳಿಸ್ತಾರಂತೆ."

"ಎಷ್ಟು ದಿನ ಆಗ್ಬಹುದು?"

ಕೂದಲ ಸಿಕ್ಕು ಬಿಡಿಸುತ್ತಿದ್ದೆ. ಎಳೆದರೆ ನೋಯುತ್ತದೆ ಅಂತ ಬೆರಳಿನಲ್ಲೇ ಬಿಡಿಸಿದೆ. "ದೂರದ ಊರಲ್ವಾ ಅತ್ತೆ. ತಡ ಆಗುತ್ತೆ."

ಅವರು ಫೋನನ್ನು ಎತ್ತಿ ಎದೆಗೆ ಒತ್ತಿಕೊಂಡು, "ತಡ ಆದ್ರೆ ಆಗ್ಲಿ ಬಿಡು. ಸರಿ ಆಗುತ್ತಲ್ಲ, ಅಷ್ಟು ಸಾಕು" ಅಂದರು.

ಹೂಂ ಅಂದೆ. ಜಡೆ ಹಾಕಿ ಮುಗಿಸಿದೆ.